ಲೀಲಾಧರನ ಬಗ್ಗೆ ನೆಟ್ಟಿನಲ್ಲಿ ಸಿಕ್ಕಿದ್ದು

ನಾವುಂದ
ನವೆಂಬರ್ 2011

ಚಂದನಾ,

ನನಗೆ ಹೊಟ್ಟೆಕಿಚ್ಚು. ಎಂಟನೇ ಕ್ಲಾಸಿನಿಂದ ಇದನ್ನು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡು ಬಂದಿದ್ದೇನೆ. ನಿನ್ನ ಪಕ್ಕದಲ್ಲಿ ಯಾರು ಕೂತರೂ, ನಿನಗೆ ಯಾರು ನೋಟ್ಸ್ ಕೊಟ್ಟರೂ, ಬಸ್ಸಿನಲ್ಲಿ ನೀನು ನಿಂತಿರುವಾಗ ನಿನ್ನ ಚೀಲವನ್ನು ಯಾರು ತೊಡೆಯ ಮೇಲೆ ಇಟ್ಟುಕೊಂಡರೂ ನನಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ನಿನ್ನನ್ನು ಮದುವೆಯಾಗಬೇಕೆಂಬ ಆಸೆ ಇದ್ದವನಿಗೆ ಇದೆಲ್ಲ ಆಗುತ್ತದೆ. ಆ ಆಸೆ ನನಗೆ ಇತ್ತು, ಈಗಲೂ ಇದೆ. ನಿನಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ಹೇಳಿರಲಿಲ್ಲ.

ನಾನು ಶಾಲೆ ಬಿಟ್ಟದ್ದು ನಿನ್ನ ಕಣ್ಣೆದುರೇ. ಇನ್ಸ್‌ಪೆಕ್ಷನ್ ದಿನ ಲೈಬ್ರರಿ ಪುಸ್ತಕ ಓದುತ್ತೀರಾ ಎಂದು ಕೇಳಿದಾಗ ಇಡೀ ಕ್ಲಾಸು ಹೌದು ಎಂದಿತು, ನಾನು ಎದ್ದು ನಿಂತು ಆ ಕಪಾಟಿನ ಬೀಗ ತೆಗೆದದ್ದನ್ನೇ ನೋಡಿಲ್ಲ ಎಂದೆ. ಆಮೇಲೆ ಮಾಷ್ಟ್ರಿಗೂ ನನಗೂ ಸರಿಹೋಗಲಿಲ್ಲ. ಹಾಗೆಂದು ಪೂರ್ತಿ ತಪ್ಪು ಅವರದ್ದಲ್ಲ. ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಗಂಗೊಳ್ಳಿಯಲ್ಲಿ ಐಸ್ ಹೊತ್ತೆ, ಕುಂದಾಪುರದ ಬಸ್ಸಿನಲ್ಲಿ ಕ್ಲೀನರ್ ಆದೆ, ಬ್ರಹ್ಮಾವರದಲ್ಲಿ ಮೊಬೈಲ್ ರಿಪೇರಿ ಅರ್ಧ ಕಲಿತೆ. ಕೊನೆಗೆ ಪ್ರೇಮಾನಂದಣ್ಣನ ಸೈಬರಿಗೆ ಬಂದು ಕೂತೆ. ಅಷ್ಟರಲ್ಲಿ ನೀನು ಡಿಗ್ರಿ ಮುಗಿಸಿದ್ದೆ. ನಿನ್ನ ರಿಸಲ್ಟನ್ನು ಪ್ರಿಂಟ್ ತೆಗೆದು ಕೊಟ್ಟವನು ನಾನೇ. ನಿನ್ನ ಮಾರ್ಕಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವು ನಿನ್ನನ್ನು ನಾನು ಬರಲಾಗದ ಕಡೆಗೆ ಕರೆದುಕೊಂಡು ಹೋಗುತ್ತಿದ್ದವು.

ಹೋದ ತಿಂಗಳು ನಿನ್ನ ಅಪ್ಪಯ್ಯ ಚಂದಯ್ಯಣ್ಣ ನಿನ್ನನ್ನೂ ಕರೆದುಕೊಂಡು ಸೈಬರಿಗೆ ಬಂದಾಗ ಯಾವುದೋ ಅರ್ಜಿ ತುಂಬಲು ಬಂದಿರಬೇಕು ಎಂದುಕೊಂಡೆ. ಅವರು ಮೀನಿನ ಏಲಂ ಮುಗಿಸಿ ನೇರ ಬಂದಿದ್ದರು, ಕೈ ಇನ್ನೂ ಒದ್ದೆ ಇತ್ತು. ಅಂಬರನಾಥದಲ್ಲಿ ಲಂಚ್ ಹೋಮ್ ಇಟ್ಟಿರುವ ಹುಡುಗ, ಉಪ್ಪುಂದದವರ ಪೈಕಿ, ಹೆಸರು ಲೀಲಾಧರ, ಜಾತಕ ಕೂಡಿಬಂದಿದೆ ಎಂದು ಅವರು ಹೇಳುತ್ತಿದ್ದರೆ ನಾನು ಕೀಬೋರ್ಡಿನ ಧೂಳು ಒರೆಸುತ್ತಿದ್ದೆ.

ನಮ್ಮವರ ಕ್ರಮ ನಿನಗೆ ಗೊತ್ತೇ ಇದೆ. ಹುಡುಗನಿಗೆ ಮುಂಬಯಿ ಕಡೆ ಹೋಟೆಲಿದೆ ಎಂದರೆ ಅಲ್ಲಿರುವ ಹುಡುಗಿಯ ಸೋದರಮಾವ ಗುರುತು ಹೇಳದೆ ಹೋಗಿ, ದುಡ್ಡು ಕೊಟ್ಟು ಉಂಡು ಬರಬೇಕು. ಗಿರಾಕಿಗೆ ಏನು ಬಡಿಸುತ್ತಾನೆ, ಕೆಲಸದ ಹುಡುಗರನ್ನು ಹೇಗೆ ಕರೆಯುತ್ತಾನೆ ಎಂದು ನೋಡಿ ಊರಿಗೆ ಫೋನು ಮಾಡಬೇಕು. ಈ ಸಲ ನಿನ್ನ ಪದ್ದು ಮಾವ ಹೋಗುವಂತಿರಲಿಲ್ಲ.

“ಪದ್ದು ಕಾಲ್ ಮುರ್ಕಂಡ್ ಡೊಂಬಿವಲಿಯಂಗೆ ಮನಿಕಂಡಿದ. ಈಗ ಕಂಪ್ಯೂಟ್ರಂಗೆ ಎಲ್ಲಾ ಸಿಕ್ಕತ್ ಅಂಬ್ರಲೆ, ನೀನೇ ಒಂಚೂರ್ ಕಾಣ್ ಮಾರಾಯ,” ಎಂದರು ಅಪ್ಪಯ್ಯ. ಆಮೇಲೆ ಒಂದು ಮಾತು ಸೇರಿಸಿದರು. “ನೀನ್ ಇದ್ದದ್ ಇದ್ದಾಂಗೆ ಹೇಳುವವ. ನಿಂಗೆ ಇದ್ರಂಗೆ ಎಂತದೂ ಇಲ್ಲೆ. ಅದ್ಕೇ ನಿನ್ನ ಹತ್ರ ಬಂದದ್.”

ನಾನು ಸುಮ್ಮನಿದ್ದೆ. ಈ ಪತ್ರ ಬರೆಯುತ್ತಿರುವುದು ಆ ಸುಮ್ಮನಿದ್ದದ್ದಕ್ಕೇ.

ಹೆಸರು ಟೈಪ್ ಮಾಡಿದೆ, ಅವನ ಫೋಟೋ ತೆರೆದುಕೊಂಡಿತು. ಕೌಂಟರಿಗೆ ಒರಗಿ ನಿಂತಿದ್ದ, ಗೀರು ಗೀರಿನ ಅಂಗಿ. ಹಲ್ಲು ಸಾಲಾಗಿತ್ತು, ಅದನ್ನೂ ನನಗೆ ಸಹಿಸಲಾಗಲಿಲ್ಲ. ನೀನು ಸರಿಯಾಗಿ ಕಾಣಲೆಂದು ನನ್ನ ಕುರ್ಚಿಯ ಹಿಂದಿನಿಂದ ಬಗ್ಗಿದೆ. ನಿನ್ನ ಜಡೆ ನನ್ನ ಹೆಗಲಿಗೆ ತಾಗಿತು. ಅಷ್ಟು ವರ್ಷಗಳಲ್ಲಿ ನೀನು ನನ್ನ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು, ಬಂದದ್ದು ಅವನನ್ನು ನೋಡಲು. ನೀನು ನಗಲಿಲ್ಲ, ಬೇಡ ಎನ್ನಲೂ ಇಲ್ಲ. ನೋಡಿದೆ, ಅಷ್ಟೆ. ಆ ನೋಟ ಎಷ್ಟು ಹೊತ್ತು ಇತ್ತು ಎಂದು ನನ್ನ ಹೊಟ್ಟೆಗೆ ಗೊತ್ತು.

ನೀವು ಹೋದ ಮೇಲೆ ಹುಡುಕಲು ಕೂತೆ. ಮೊದಲು ಸಿಕ್ಕಿದ್ದು ಲಂಚ್ ಹೋಮನ್ನು ಹೊಗಳಿ ಗಿರಾಕಿಗಳು ಬರೆದ ಸಾಲುಗಳು. ಎಲ್ಲರೂ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ನಾನು ಬಿಡಲಿಲ್ಲ. ಒಂದೇ ದಿನ ಇಷ್ಟು ಜನ ಯಾಕೆ ಬರೆದರು? ಇವರು ಬೇರೆ ಯಾವ ಹೋಟೆಲಿನ ಬಗ್ಗೆಯೂ ಯಾಕೆ ಬರೆದಿಲ್ಲ? ಮೀನು ತಿಂದೆ ಎನ್ನುವವನು ಯಾವ ಮೀನು ಎಂದು ಯಾಕೆ ಹೇಳುವುದಿಲ್ಲ? ಒಬ್ಬನ ಅಡ್ಡಹೆಸರಂತೂ ಲೀಲಾಧರನದ್ದೇ ಆಗಿತ್ತು, ತಮ್ಮನೋ ಚಿಕ್ಕಪ್ಪನ ಮಗನೋ ಇರಬೇಕು. ಎಲ್ಲ ಮನೆಯವರೇ ಬರೆಸಿದ್ದು ಎಂದು ತೀರ್ಮಾನಿಸಿ ತೆಗೆದುಹಾಕಿದೆ. ಆ ಲೆಕ್ಕ ತಪ್ಪೂ ಅಲ್ಲ. ಆದರೆ ಅದನ್ನು ಮಾಡುವಾಗ ನನಗಾದ ಖುಷಿ ಒಳ್ಳೆಯ ಖುಷಿಯಲ್ಲ.

ಮರುದಿನ ಬೇಕಾದದ್ದು ಸಿಕ್ಕಿತು. ಒಂದು ಇಂಗ್ಲಿಷ್ ಸುದ್ದಿ. ಸ್ಟೇಷನ್ ರಸ್ತೆಯ ಲಂಚ್ ಹೋಮಿಗೆ ಬೀಗ, ಕೊಳೆತ ಮೀನು ವಶ, ಹುಡುಗರ ಸಂಬಳ ಕೊಡದೆ ಮಾಲೀಕ ಪರಾರಿ. ಹೋಟೆಲಿನ ಹೆಸರು ಅದೇ, ನಮ್ಮ ಕಡೆಯ ಅಮ್ಮನವರ ಹೆಸರು. ಕೆಳಗೆ ಇಳಿಸಿದ ಶಟರಿನ ಫೋಟೋ. ನನ್ನ ಒಂಬತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಒಂದೊಂದೇ ಪದ ಓದಿದೆ. ಓದುತ್ತಾ ಹೋದಂತೆ ಮೈ ಹಗುರಾಯಿತು. ಅದೇ ಸುದ್ದಿ ಇನ್ನೂ ಎರಡು ಕಡೆ ಇತ್ತು. ಇನ್ನೇನು ಬೇಕು? ಪ್ರಿಂಟ್ ತೆಗೆದೆ.

ಪ್ರೇಮಾನಂದಣ್ಣ ಅದನ್ನು ಓದಿ ನನ್ನ ಮುಖ ನೋಡಿದರು. ಅವರಿಗೆ ನನ್ನ ವಿಷಯ ಗೊತ್ತು, ನಾನು ಹೇಳದೆಯೇ ಗೊತ್ತು.

“ಹೋಯಿ ಕೊಡ್ ಚಂದಯ್ಯಂಗೆ. ಎಂತಕ್ ಕೂಕಂಡದ್?”

ನಾನು ಏಳಲಿಲ್ಲ. ಹೊಗಳಿಕೆಯ ಒಂದೊಂದು ಸಾಲಿಗೂ ಸಾಕ್ಷಿ ಕೇಳಿದವನು ಈ ಬೈಗುಳಕ್ಕೆ ಒಂದೂ ಪ್ರಶ್ನೆ ಕೇಳಿರಲಿಲ್ಲ. ಅದು ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ಇರಲು ನನಗೆ ಬರುವುದಿಲ್ಲ, ಅದೊಂದು ರೋಗ.

“ಇದ್ ಅವ್ನದ್ದೇ ಹೋಟ್ಲ್ ಹೌದಾ ಕಾಣ್ಕ್,” ಎಂದೆ.

“ನೀನ್ ಸುಳ್ ಹೇಳುದಲ್ಲ ಮಾರಾಯ. ನೆಟ್ಟಂಗೆ ಇದ್ದದ್ ಕೊಡುದ್. ಓದಿ ತಿಳ್ಕಂಬುದ್ ಅವ್ರ್ ಕೆಲ್ಸ.”

ಚಂದನಾ, ಆ ಮಾತು ಎಷ್ಟು ಸಿಹಿಯಾಗಿತ್ತು ಎಂದು ನಿನಗೆ ಹೇಳಿದರೆ ತಿಳಿಯದು. ಒಂದು ಸುಳ್ಳೂ ಆಡದೆ ಅವನನ್ನು ನಿಮ್ಮ ಅಂಗಳದಿಂದ ಓಡಿಸಬಹುದಿತ್ತು. ಒಂದು ಕಾಗದ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ತಿರುಗಿ ಕೂತು ನೋಡಿದೆ. ಸುದ್ದಿಯಲ್ಲಿ ಊರಿನ ಹೆಸರಿರಲಿಲ್ಲ, ತಾರೀಕೂ ಇರಲಿಲ್ಲ. ಆದರೆ ಅದರ ಕೆಳಗೆ ಯಾರೋ ಬರೆದ ಅಭಿಪ್ರಾಯಕ್ಕೆ ತಾರೀಕು ಇತ್ತು, ಅದು ಮೂರು ವರ್ಷ ಹಿಂದಿನದು. ಲೀಲಾಧರ ಹೋಟೆಲು ತೆರೆದು ಒಂದೂವರೆ ವರ್ಷವಾಯಿತು ಎಂದು ನಿನ್ನ ಅಪ್ಪಯ್ಯನೇ ಹೇಳಿದ್ದರು. ಇನ್ನೆರಡು ಕಡೆಯ ಸುದ್ದಿಯಲ್ಲಿ ವಾಕ್ಯಗಳೂ ಅವೇ, ತಪ್ಪುಗಳೂ ಅವೇ. ಮೂರು ಜನ ನೋಡಿ ಬರೆದದ್ದಲ್ಲ, ಒಬ್ಬನದ್ದನ್ನು ಇಬ್ಬರು ಎತ್ತಿ ಹಾಕಿಕೊಂಡದ್ದು. ಫೋಟೋವನ್ನು ದೊಡ್ಡದು ಮಾಡಿದೆ. ಶಟರಿನ ಮೇಲಿನ ಬೋರ್ಡಿನಲ್ಲಿ ಮರಾಠಿಗಿರುವ ತಲೆಗೆರೆ ಇಲ್ಲದ ಅಕ್ಷರ. ವಾಪಿಯಲ್ಲಿ ಮೂರು ವರ್ಷ ದುಡಿದ ಪ್ರೇಮಾನಂದಣ್ಣ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. “ಗುಜರಾತಿ,” ಎಂದರು.

ನಮ್ಮವರು ಎಲ್ಲಿಗೆ ಹೋದರೂ ಅಮ್ಮನವರನ್ನು ಬೋರ್ಡಿನ ಮೇಲೆ ಕೂರಿಸುತ್ತಾರೆ. ಆ ಹೆಸರಿನ ಲಂಚ್ ಹೋಮುಗಳು ಗುಜರಾತಿನ ಗಡಿಯಿಂದ ಪುಣೆಯವರೆಗೆ ಎಷ್ಟಿವೆಯೋ. ಅವುಗಳಲ್ಲಿ ಒಬ್ಬನ ಪಾಪವನ್ನು ಇನ್ನೊಬ್ಬನ ತಲೆಗೆ ಕಟ್ಟಲು ನಾನು ಪ್ರಿಂಟ್ ತೆಗೆದಿದ್ದೆ.

ಅಷ್ಟಕ್ಕೂ ಅವನು ಒಳ್ಳೆಯವನು ಎಂದು ಇದರಿಂದ ಗೊತ್ತಾಗಲಿಲ್ಲ. ಕೆಟ್ಟವನೆಂಬುದಕ್ಕೆ ಇದು ಸಾಕ್ಷಿಯಲ್ಲ ಎಂದಷ್ಟೇ ಗೊತ್ತಾಯಿತು. ನನಗೆ ಇನ್ನೂ ಒಂದು ಆಸೆ ಇತ್ತು ನೋಡು. ಅದಕ್ಕೇ ನಿನ್ನ ಪದ್ದು ಮಾವನಿಗೆ ಫೋನು ಮಾಡಿದೆ.

“ಉಂಡ್ಕಂಡ್ ಬಪ್ಪುಕೆ ನಂಗೆ ಕಾಲಿಲ್ಲೆ ಮಾರಾಯ. ಗಿರಿಜಾನ್ ಕಳ್ಸ್ತೆ. ಇಷ್ಟ್ರೊಳಗೆ ಅವ್ಳ್ ಬಾಯಂಗೆ ಯಾವ ಹೋಟ್ಲೂ ಪಾಸ್ ಆದ್ದಿಲ್ಲೆ,” ಎಂದರು. ಮಾವನ ಬದಲು ಅವರ ಹೆಂಡತಿಯನ್ನೂ ಕಳಿಸಬಹುದು ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಗಿರಿಜಾ ಅತ್ತೆ ಎರಡು ಸಲ ಹೋದರು, ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ಊಟದ ಹೊತ್ತು ಕಳೆದ ಮೇಲೆ. ಫೋನಿನಲ್ಲಿ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಸಾರಿಗ್ ಉಪ್ಪ್ ಜಾಸ್ತಿ. ಕೂಕಂಬ ಬೆಂಚ್ ಅಲ್ಲಾಡತ್. ಬಂಗ್ಡೆ ತಾಜಾ ಇತ್ತ್. ಕಡಿಗೆ ಕಂಡ್ರೆ ಅವ ಹುಡ್ಗರ ಒಟ್ಟಿಗೇ ಕೂಕಂಡ್, ಅದೇ ಬಂಗ್ಡಿ ಸಾರ್ ಹಾಯ್ಕಂಡ್ ಉಂತಿದ್ದ. ಹುಡ್ಗ ಅಡ್ಡಿಲ್ಲೆ.”

ನೆಟ್ಟಿನಲ್ಲಿ ಎರಡು ದಿನ ಹುಡುಕಿದ್ದೆಲ್ಲ ಆ ಅಲ್ಲಾಡುವ ಬೆಂಚಿನ ಮುಂದೆ ನಿಲ್ಲಲಿಲ್ಲ. ಬೆಂಚು ಅಲ್ಲಾಡುತ್ತದೆ ಎಂದು ಹೇಳಿದ್ದಕ್ಕೇ ಉಳಿದ ಮಾತನ್ನೂ ನಂಬಬೇಕಾಯಿತು. ಫೋನು ಇಟ್ಟ ಮೇಲೆ ಆ ಹುಡುಗರ ನಡುವೆ ಕೂತು ಉಣ್ಣುವ ಲೀಲಾಧರನನ್ನು ನೆನೆದು ನಾನು ಎಷ್ಟು ಉರಿದೆ ಎಂದರೆ, ಅವನು ಕಳ್ಳನಾಗಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮೊನ್ನೆ ಸಂಜೆ ನಿಮ್ಮ ಚಾವಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೊಗಳಿಕೆಯನ್ನು ನಂಬಬೇಡಿ, ಬೈಗುಳ ಅವನಿಗೆ ಸೇರಿದ್ದಲ್ಲ, ಗಿರಿಜಾ ಅತ್ತೆಯ ಮಾತನ್ನು ನಂಬಿ. ಅಪ್ಪಯ್ಯ ನನ್ನ ಬೆನ್ನು ತಟ್ಟಿದರು. ಭಾನುವಾರ ನಿಶ್ಚಯ ಇಟ್ಟುಕೊಳ್ಳುವ, ಚಂದನಾ ಹೂಂ ಅನ್ನುವುದು ಮಾತ್ರ ಬಾಕಿ ಎಂದರು. ನೀನು ಗೇಟಿನವರೆಗೆ ಬಂದೆ.

“ಗಿರಿಜಾ ಅತ್ತೆ ಹೇಳದ್ ಆಯ್ತ್. ನೀನ್ ಎಂತ ಹೇಳ್ತೆ?”

“ಅಡ್ಡಿಲ್ಲೆ,” ಎಂದೆ.

“ಅಷ್ಟೇಯಾ?”

“ಅಷ್ಟೇ.”

ನೀನು ಗೇಟು ಹಾಕಿದೆ. ಜೋರಾಗಿ ಹಾಕಿದೆಯೋ, ನನಗೆ ಹಾಗೆ ಕೇಳಿಸಿತೋ. ಅದರಿಂದಲೂ ಏನಾದರೂ ಅರ್ಥ ಹುಡುಕುತ್ತಾ ಎರಡು ದಿನ ಕಳೆದೆ. ಬೇಕಾದದ್ದನ್ನೇ ಓದಿಕೊಳ್ಳುವ ಚಾಳಿ ನನ್ನದು, ಅದು ನನಗೆ ಈಗ ಗೊತ್ತು. ಹಾಗಾಗಿ ಆ ಗೇಟಿನ ಬಗ್ಗೆ ನನ್ನ ತೀರ್ಮಾನ ಏನೂ ಇಲ್ಲ.

ನಿಮ್ಮ ಮನೆಯಲ್ಲಿ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಹೇಳುತ್ತಿರುವವನು ಯಾರು, ಅವನಿಗೆ ಏನು ಬೇಕಿತ್ತು ಎಂಬುದನ್ನು ಬಿಟ್ಟಿದ್ದೆ. ಅದನ್ನು ತಿಳಿಯದೆ ನೀನು ಹೂಂ ಅನ್ನಬಾರದು, ಬೇಡ ಎಂದೂ ಅನ್ನಬಾರದು. ನಿನ್ನ ಮನಸ್ಸು ಬದಲಾಗಲಿ ಎಂದು ಇದನ್ನು ಬರೆಯುತ್ತಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಬದಲಾಗಲಿ ಎಂಬ ಆಸೆ ಇದೆ. ನನ್ನ ಹತ್ತಿರ ಹೋಟೆಲಿಲ್ಲ, ಡಿಗ್ರಿ ಇಲ್ಲ, ಒಂದು ಕೆಲಸದಲ್ಲಿ ಒಂದು ವರ್ಷ ನಿಂತ ದಾಖಲೆಯೂ ಇಲ್ಲ. ಇವನ್ನೂ ಲೆಕ್ಕಕ್ಕೆ ತೆಗೆದುಕೋ. ಲೀಲಾಧರನ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನೀನು ಯಾರ ಪಂಕ್ತಿಯಲ್ಲಿ ಕೂತು ಉಂಡರೂ ನಿನ್ನ ಎಲೆಗೆ ಮೊದಲು ಬಡಿಸಲಿ. ನಿನ್ನ ಮಾತನ್ನು ಕೇಳುವ ಜನ ನಿನ್ನ ಸುತ್ತ ಇರಲಿ.

ಕಾರವಾರದ ಬಂದರಿನಲ್ಲಿ ಐಸ್ ಪ್ಲಾಂಟಿನ ಕೆಲಸ ಸಿಕ್ಕಿದೆ. ಪ್ರೇಮಾನಂದಣ್ಣನ ಹತ್ತಿರ ನನ್ನ ನಂಬರಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ.

ಸುಜನ್