ಅಪ್ಪ ಬರೆದಿಟ್ಟ ಕೆಂಪು

ಮುರಾನೊ, 4 ನವೆಂಬರ್ 1958
ಏಳಕ್ಕೆ ಅಪ್ಪನ ಗಾಜಿನ ಕುಲುಮೆಗೆ ಹೋದೆ. ಎಂದಿನಂತೆ ಮರಳು ತೂಗಿದೆ. ಸೋಡಾ ತೂಗುವಷ್ಟರಲ್ಲಿ ಗಿಲ್ಡೊ ತಕ್ಕಡಿ ಕಿತ್ತುಕೊಂಡ. ಅಪ್ಪ ಸತ್ತು ಇನ್ನೂ ಹನ್ನೆರಡು ದಿನ.

"ಅಕ್ಕಾ, ನೀನಿನ್ನು ಮನೇಲಿರು. ಅಪ್ಪ ತೂಕ ಬರೆದಿಟ್ಟ ಪುಸ್ತಕ ನನ್ನ ಹತ್ರ ಇದೆ."

"ಇಪ್ಪತ್ತೆರಡು ವರ್ಷ ತೂಗಿದ್ದು ಯಾರೋ?"

"ತೂಗೋದೇನ್ ಮಹಾ? ಗಾಜು ಊದೋದು ಗಂಡಸರ ಕೆಲಸ."

ನಾನು ಎತ್ತಿ ಆಡಿಸಿದ ತಮ್ಮ! ಮೈಯೆಲ್ಲ ಉರಿಯುತ್ತಿದೆ. ಪ್ರತಿ ಭಾನುವಾರ ಬಾಗಿಲು ಹಾಕಿಕೊಂಡು ಅಪ್ಪ ನನಗೂ ಊದಲು ಕಲಿಸಿದ್ದ. ಯಾರಿಗೂ ಹೇಳಬೇಡ ಅಂದಿದ್ದ.

9 ನವೆಂಬರ್
ಗಿಲ್ಡೊ ಪುಸ್ತಕ ನೋಡಿ ಮಾಡಿದ ಕೆಂಪು ಗಾಜು ಕಂದು ಆಯಿತಂತೆ — ಬೆಂದ ಲಿವರ್ ಬಣ್ಣ. ಕುಲುಮೆಯ ಮುದುಕ ಮೋಮಿ ಹೇಳಿ ಹೋದ. ನಕ್ಕೆ. ಈ ದ್ವೀಪದಲ್ಲಿ ಯಾವ ಒಡೆಯ ಪುಸ್ತಕದಲ್ಲಿ ಸರಿ ತೂಕ ಬರೆಯುತ್ತಾನೆ? ಕಳ್ಳರ ಭಯಕ್ಕೆ ತಪ್ಪೇ ಬರೆಯುವುದು, ಮಗನಿಗೆ ಬಾಯಲ್ಲಿ ಹೇಳುವುದು. ಅಪ್ಪ ಹೇಳಿದ್ದು ನನಗೆ. ಮಗಳಿಗೆ ಗೊತ್ತಿದ್ದರೇನು, ಕುಲುಮೆ ಅವಳದಾಗುವುದಿಲ್ಲವಲ್ಲ... ಅಪ್ಪನ ಮೇಲೂ ಸಿಟ್ಟು. ಗೋರಿಗೆಂದು ಒಯ್ದ ಹೂವು ವಾಪಸ್ ತಂದೆ.

19 ನವೆಂಬರ್
ಮೂರನೇ ಸಲವೂ ಕಂದು. ಕೆಂಪು ಗಾಜಿಗೆ ಹೇಳಿದ್ದ ಗಿರಾಕಿ ಶನಿವಾರದವರೆಗೆ ಕಾಯುತ್ತಾನೆ; ಆಮೇಲೆ ಕುಲುಮೆ ಆರಿಸುವುದೇ. ಊಟದ ಹೊತ್ತಿಗೆ ಗಿಲ್ಡೊ ಬಂದ. ಮೆಕ್ಕೆಜೋಳದ ಪೊಲೆಂಟಾ ಬಡಿಸಿದೆ, ಮುಟ್ಟಲಿಲ್ಲ.

"ತೂಕ ಹೇಳು ಅಕ್ಕಾ. ಕಾಲಿಗೆ ಬೀಳ್ತೀನಿ."

"ಬೀಳೋದು ಬೇಡ. ಅಪ್ಪನ ಬೆಂಚಿನ ಮೇಲೆ ಕೂತು ನಾನು ಊದ್ತೀನಿ. ಬಾಗಿಲು ತೆಗೆದಿಟ್ಟು."

"ತಲೆ ಕೆಟ್ಟಿದೆಯಾ? ಊರೆಲ್ಲ ಉಗಿಯುತ್ತೆ!"

"ಉಗೀಲಿ. ನೀನು ಕಂದು ಗಾಜು ಮಾರ್ಕೊಂಡಿರು, ಹೋಗು."

ಬಾಗಿಲು ದಡಾರನೆ ಎಳೆದುಕೊಂಡು ಹೋದ.

20 ನವೆಂಬರ್
ಗಿಲ್ಡೊ ಮೋಮಿಯ ಕೈಲಿ ಹೇಳಿಕಳಿಸಿದ — ಬಂದು ಕೂರಲಿ. ಎಲ್ಲರನ್ನೂ ಹೊರಗೆ ಕಳಿಸಿ ತೂಗಿದೆ. ನಾಳೆಗೆ ಕರಗಿರುತ್ತದೆ.

21 ನವೆಂಬರ್, ಸಂಜೆ
ಕೂತೆ. ಬಾಗಿಲ ಹೊರಗೆ ಹತ್ತು ಜನ ನಿಂತು ನಗುತ್ತಿದ್ದರು. ಮೋಮಿ ಕೊಳವೆ ಕೊಟ್ಟ. "ಊದಮ್ಮಾ, ಆ ಕೋತಿಗಳ ಕಡೆ ನೋಡ್ಬೇಡ." ಊದಿದೆ. ಮತ್ತೆ ಬೆಂಕಿಗೆ ಹಿಡಿದೆ. ಕೆಂಪು ಬಂತು — ಅಪ್ಪನದೇ ಕೆಂಪು! ಹೊರಗೆ ನಗು ನಿಂತಿತು.

ಗಿಲ್ಡೊ ಕಾಗದ, ಪೆನ್ನು ಹಿಡಿದು ಬಂದ. "ಈಗಲಾದ್ರೂ ಬರ್ಕೊಡು."

ಬರೆದುಕೊಟ್ಟೆ.

"ಇದು ನಿಜ ತಾನೆ?"

"ಅಪ್ಪನಾಣೆಗೂ."

ಪೂರ್ತಿ ಸುಳ್ಳು. ಸರಿ ತೂಕ ಸಿಕ್ಕ ದಿನವೇ ನನ್ನನ್ನು ಬೆಂಚಿನಿಂದ ಎಬ್ಬಿಸುತ್ತಾನೆ, ಗೊತ್ತಿಲ್ಲವೆ?

ನಿಜವಾದದ್ದು ಇಲ್ಲಾದರೂ ಇರಲಿ, ಮರೆತರೆ ಕಷ್ಟ. ಮರಳು ನೂರು ಕಿಲೋ. ಚಿನ್ನ — ಬೇಡ, ಇದೂ ಒಂದು ಪುಸ್ತಕವೇ.