ಬಾಗಿಲು ಕಾಯುವವನು ನೋಡಿದ್ದು

ಮಾರ್ಚ್ ೧೪, ಶನಿವಾರ

ಒಂದು ಪ್ರಸಿದ್ಧ ಬಾಹ್ಯಾಕಾಶ ಸಿನಿಮಾವನ್ನು ಚಿಲ್ಲರೆ ಪಾತ್ರಗಳ ಕಣ್ಣಿನಿಂದ ಮತ್ತೆ ಹೇಳುವ ಪುಸ್ತಕಕ್ಕೆ ನಾನೂ ಒಂದು ಕಥೆ ಬರೆಯಬೇಕು. ನನ್ನ ಪಾಲಿಗೆ ಬಂದವನು ನೌಕೆಯ ಬಾಗಿಲು ಕಾಯುವವನು. ಮೂರು ದಿನದಿಂದ ತಲೆ ತಿನ್ನುತ್ತಿದ್ದಾನೆ. ಸಿನಿಮಾದಲ್ಲಿ ನಾಯಕ ಒಳಗೆ ಬರುವಾಗ ಇವನು ತಲೆ ತಗ್ಗಿಸಿ ನಿಲ್ಲುತ್ತಾನೆ, ಅಷ್ಟೇ. ಪುಕ್ಕಲ ಎಂದು ಬರೆದೆ.

ಸಂಜೆ ಓದಿ ಹೇಳಿದರೆ ಅಪ್ಪ ಸಿಡುಕಿದರು. ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರನ್ನು ಸೀಟಿಗೆ ಕೂರಿಸಿದವರು.

"ಹೆದರಿಕೆ ಅಲ್ಲ ಕಣೇ. ಬೆಳಕಿಂದ ಕತ್ತಲೆಗೆ ಬಂದೋರಿಗೆ ಮೆಟ್ಟಿಲು ಕಾಣಲ್ಲ. ಹೀರೋ ಎಡವದೇ ಇರ್ಲಿ ಅಂತ ಇವ್ನು ಅವ್ನ ಕಾಲು ನೋಡ್ತಿದಾನೆ."

‘ಪುಕ್ಕಲ’ ಹೊಡೆದುಹಾಕಿದೆ.

ಚಿಕ್ಕಂದಿನಲ್ಲಿ ನನ್ನನ್ನೂ ಅಪ್ಪನೇ ಒಳಗೆ ಕರೆದೊಯ್ಯುತ್ತಿದ್ದರು. ಪರದೆ ನೆನಪಿದೆ. ನನ್ನ ಚಪ್ಪಲಿಯ ಮುಂದೆ ಸಾಗುತ್ತಿದ್ದ ದುಂಡನೆಯ ಬೆಳಕೂ ನೆನಪಿದೆ. ಒಂದು ಸಲವಾದರೂ ಕತ್ತೆತ್ತಿ, ಅದನ್ನು ಹಿಡಿದವರ ಮುಖ ನೋಡಿದ್ದು ಮಾತ್ರ ನೆನಪಿಲ್ಲ.