ನೀರು ಹತ್ತದ ಗುಡ್ಡ

ಅಪ್ಪಾ,

ಇವತ್ತು ನಿಮ್ಮ ಗೋರಿ ಅಗೆಸಿದೆ. ಅಲ್ಲಿ ಬರಲಿರುವ ಕೆರೆಯ ನಕ್ಷೆ ಬರೆದವಳೂ ನಾನೇ.

ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಮೇಲೆ, "ನನ್ನನ್ನ ಗುಡ್ಡದ ತುದೀಲಿ ಹೂಳಿ, ನೀರು ಅಲ್ಲಿಗಂತೂ ಹತ್ತಲ್ಲ" ಅಂದಿದ್ದಿರಿ. ಹತ್ತುತ್ತದೆ ಅಪ್ಪಾ. ಹಗಲು ಬಿಸಿಲಿನ ಕರೆಂಟು ಮಿಕ್ಕಾಗ ಕೆಳಗಿನ ಅಣೆಕಟ್ಟಿನ ನೀರನ್ನು ಗುಡ್ಡದ ಕೆರೆಗೆ ಪಂಪು ಮಾಡುತ್ತೇವೆ. ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುತ್ತೇವೆ.

ಮಾನ್‌ಶಿಕ್ ಚಿಕ್ಕಪ್ಪ ಗುದ್ದಲಿಗೆ ಅಡ್ಡ ನಿಂತರು. "ಉನ್‌ಸುಕ್, ಅಧಿಕ ಮಾಸ ಬರ್ಲಿ ತಡಿಯೇ. ಆಗ ದೇವ್ರುಗಳು ಈ ಕಡೆ ನೋಡಲ್ಲ, ಗೋರಿ ಎತ್ತಿದ್ರೂ ದೋಷ ಇಲ್ಲ."

"ನೋಡ್ಲಿ ಬಿಡಿ ಚಿಕ್ಕಪ್ಪ. ಕದ್ದು ಮಾಡೋ ಕೆಲ್ಸ ಅಲ್ಲ ಇದು."

"ನಿಮ್ಮಪ್ಪ ನಿನ್ನ ಜೊತೆ ಮಾತು ಬಿಟ್ಟಿದ್ದು ಸುಮ್ನೆ ಅಲ್ಲ!"

ಹೌದು, ಆ ಅಣೆಕಟ್ಟು ಕಟ್ಟಿದ ವಿದ್ಯುತ್ ಕಂಪನಿಯನ್ನೇ ನಾನು ಸೇರಿದ ದಿನದಿಂದ ಒಂಬತ್ತು ವರ್ಷ ಮಾತು ಬಿಟ್ಟಿದ್ದಿರಿ. ನಾನೂ ಬಂದು ಬಾಗಿಲು ತಟ್ಟಲಿಲ್ಲ. ನಿಮ್ಮ ಹಟ ನನಗೂ ಬಂದಿದೆ.

ಮೂಳೆಗಳನ್ನು ಸೆಣಬಿನ ಬಟ್ಟೆಯಲ್ಲಿ ಸುತ್ತಿ ನಾನೇ ಎತ್ತಿಕೊಂಡೆ. ಎಷ್ಟು ಹಗುರ ಇದ್ದಿರಿ! ಕೆಳಗಿನ ಇಳಿಜಾರಿನಲ್ಲಿ, ಅಣೆಕಟ್ಟಿನ ನೀರಿಗೆ ಮುಖ ಮಾಡಿಸಿ ಮತ್ತೆ ಹೂಳಿಸಿದೆ. ಒಂದು ಬಟ್ಟಲು ಮಕ್ಕೊಲ್ಲಿ ಹೆಂಡ ಸುರಿದೆ.

"ಅವ್ನಿಗೆ ಕಂಡ್ರಾಗದ ನೀರಿನ ಎದುರಿಗೇ ಇಡ್ತೀಯಲ್ಲೇ!" ಎಂದು ಚಿಕ್ಕಪ್ಪ ಕೂಗಾಡಿದರು.

ಅವರಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ. ಪಂಪು ಶುರುವಾದ ಮೇಲೆ ಪ್ರತಿ ಮಧ್ಯಾಹ್ನ ಈ ನೀರು ಎರಡಾಳಿನಷ್ಟು ಆಳ ಇಳಿಯುತ್ತದೆ. ಲೆಕ್ಕ ಮೂರು ಸಲ ಹಾಕಿದ್ದೇನೆ.

ಮುಳುಗಿದ ನಮ್ಮ ಮನೆಯ ಮೆಟ್ಟಿಲು ಇರುವುದು ಒಂದೂವರೆ ಆಳಿನಷ್ಟು ಆಳದಲ್ಲಿ.